ವಲ್ಲಿಯ ಕೆಳಗಿನ ಐದು

ಬಾತಿಯ ಬಕ್ಕೇಶಪ್ಪನಿಗೆ ಶಿವ ಕೊಟ್ಟದ್ದು ಎರಡೇ ಆಸ್ತಿ: ಬಾಯೊಳಗೊಂದು ನಾಲಿಗೆ, ಹೆಗಲ ಮೇಲೊಂದು ವಲ್ಲಿ. ನಾಲಿಗೆಯಿಂದ ಜನರನ್ನು ಹತ್ತಿರ ಕೂಡಿಸುತ್ತಿದ್ದ, ವಲ್ಲಿಯಿಂದ ವ್ಯಾಪಾರ ಮುಗಿಸುತ್ತಿದ್ದ. ದಾವಣಗೆರೆಯ ಹತ್ತಿ ವ್ಯಾಪಾರದಲ್ಲಿ ಅವನು ದಲಾಲಿ. ಅಲ್ಲಿಯ ಪದ್ಧತಿ ಏನೆಂದರೆ, ಬೆಲೆ ಕುದುರಿಸುವಾಗ ಯಾರೂ ಬಾಯಿ ಬಿಡುವಂತಿಲ್ಲ. ವಲ್ಲಿಯ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯಬೇಕು. ಹಿಡಿದ ಬೆರಳೆಷ್ಟೋ ಅಂಕಿ ಅಷ್ಟು. ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ವಲ್ಲಿ ಅಲ್ಲಾಡುವುದು ಮಾತ್ರ ಕಾಣುತ್ತದೆ, ಒಳಗೆ ಬೆಕ್ಕಿನ ಮರಿ ಇಟ್ಟಂತೆ. ಒಳಗಾದ ಅಂಕಿಯನ್ನು ಬಾಯಿಬಿಟ್ಟು ಹೇಳಿದ ದಲಾಲಿಯ ವಲ್ಲಿಗೆ ಮರುದಿನದಿಂದ ಯಾರೂ ಕೈ ಹಾಕುವುದಿಲ್ಲ.

ಬಕ್ಕೇಶಪ್ಪನ ವಲ್ಲಿಯಿಂದ ಒಂದು ಅಂಕಿಯೂ ಹೊರಗೆ ಬಿದ್ದದ್ದಿರಲಿಲ್ಲ. ಮಗಳ ಮದುವೆಯ ಮಾತನ್ನೂ ಬೀಗರೊಡನೆ ಅವನು ವಲ್ಲಿಯ ಕೆಳಗೇ ಮುಗಿಸಿದ್ದ. ಎಷ್ಟು ತೊಲ ಬಂಗಾರಕ್ಕೆ ಒಪ್ಪಿದನೆಂದು ಹೆಂಡತಿ ಕಸ್ತೂರಮ್ಮನಿಗೆ ಕಡೆಯವರೆಗೂ ತಿಳಿಯಲಿಲ್ಲ. ಬೀಗರಿಗೂ ತಿಳಿಯಲಿಲ್ಲ ಎನ್ನುವವರಿದ್ದಾರೆ.

ಇಂಥವನು ಒಂದೇ ಒಂದು ಸಲ ವಲ್ಲಿಯನ್ನು ಹೆಗಲ ಮೇಲೇ ಬಿಟ್ಟು, ಬರೀ ನಾಲಿಗೆಯಿಂದ ವ್ಯಾಪಾರ ಮಾಡಿದ. ಕೆಟ್ಟದ್ದು ಅಲ್ಲೇ.

ಹೊಸ ಪೈಸೆ ಬಂದ ಮರುವರ್ಷದ ಮಾತು. ವಾಮದೇವಪ್ಪ ಸಾಹುಕಾರರ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಯಂತ್ರಕ್ಕೆ ಹತ್ತಿ ಉಣಿಸುವವರು ಹೆಚ್ಚಾಗಿ ಹೆಂಗಸರು. ಯಂತ್ರ ಹತ್ತಿಯನ್ನು ಒಳಗೆಳೆದು ಬೀಜ ಒಂದು ಕಡೆ, ಅರಳೆ ಒಂದು ಕಡೆ ಮಾಡುತ್ತಿತ್ತು. ಅದೇ ಯಂತ್ರದ ಮುಂದೆ ಗಂಡಸು ನಿಂತರೆ ಪೂರಾ ಕೂಲಿ, ಹೆಂಗಸು ನಿಂತರೆ ಅರ್ಧ. ಯಾಕೆಂದು ಕೇಳಿದರೆ ಸಾಹುಕಾರರು, "ಹೆಂಗಸ್ರು ಉಣ್ಣೋದೇ ಅರ್ಧ" ಎನ್ನುತ್ತಿದ್ದರು. ಇದನ್ನು ಅವರು ಎಲ್ಲಿ ಕಂಡುಕೊಂಡರೋ ತಿಳಿಯದು. ಅವರ ಮನೆಯವರಾದ ಸರ್ವಮಂಗಳಮ್ಮನವರೊಡನೆ ಒಂದು ಪಂಕ್ತಿಯಲ್ಲಿ ಕೂತು ಉಂಡವರು ಯಾರೂ ಈ ಮಾತನ್ನು ನಂಬುವಂತಿರಲಿಲ್ಲ.

ಹೆಂಗಸರು ಮುಷ್ಕರ ಹೂಡಿದರು. ಕೆಲಸ ನಿಲ್ಲಿಸಿದ ದಿನವೇ ದೊಡ್ಡ ಗಲಾಟೆಯಾಯಿತು. ಸಾಹುಕಾರರು ಓಡುತ್ತಿದ್ದ ಯಂತ್ರದ ಮುಂದೆ ನಿಂತು ಕೂಗಾಡುವಾಗ, ನೂಕುನುಗ್ಗಲಲ್ಲಿ ಅವರ ಜರಿಯಂಚಿನ ರುಮಾಲು ತಲೆಯಿಂದ ಜಾರಿ ಯಂತ್ರದ ಬಾಯಿಗೆ ಬಿತ್ತು. ಯಂತ್ರಕ್ಕೆ ಸಾಹುಕಾರ, ಕೂಲಿ ಎಂಬ ಭೇದವಿಲ್ಲ. ರುಮಾಲನ್ನು ಹಿಂಜಿ ಜರಿ ಒಂದು ಕಡೆ, ನೂಲು ಒಂದು ಕಡೆ ಮಾಡಿ ಉಗುಳಿತು. ಸಾಹುಕಾರರು ಆ ಚಿಂದಿಯನ್ನು ಹಿತ್ತಾಳೆಯ ತಟ್ಟೆಯಲ್ಲಿ ಆರಿಸಿಟ್ಟುಕೊಂಡರು. ಆಮೇಲೆ ಆಫೀಸಿಗೆ ಯಾರೇ ಬಂದರೂ ಮೊದಲು ತಟ್ಟೆಯ ದರ್ಶನ, ಆಮೇಲೆ ಚಹಾ.

ಹೊರಗೆ ಹತ್ತಿಯ ಗಾಡಿಗಳು ಸಾಲುಗಟ್ಟಿದವು, ಕೇರಿಯಲ್ಲಿ ಒಲೆಗಳು ತಣ್ಣಗಾದವು. ಎರಡೂ ಕಡೆ ಸೋತ ಮೇಲೆ ಬಕ್ಕೇಶಪ್ಪ ನಡುವೆ ಹೋದ. ಕೂಲಿ ಕೊಂಚ ಏರಿಸಲು ಸಾಹುಕಾರರನ್ನು ಒಪ್ಪಿಸಿ ಬಂದು, ಹುಣಸೇಮರದ ಕೆಳಗೆ ಕೂತಿದ್ದ ಹೆಂಗಸರಿಗೆ, "ಏಳ್ರವ್ವ, ಒಬ್ಬರ್ನೂ ಬಿಡದಂಗೆ ಎಲ್ಲಾರ್ನೂ ಒಳಗೆ ತಗೊಂತಾರೆ. ಇದು ಸಾಹುಕಾರ್ರ ಮಾತಲ್ಲ, ನನ್ನ ಮಾತು" ಎಂದ. ಎಲ್ಲರೂ ಎದ್ದರು. ಗೇಟು ತೆರೆಯಿತು. ಎಲ್ಲರೂ ಒಳಗೆ ಹೋದರು, ಐದು ಜನರನ್ನು ಬಿಟ್ಟು. ರುಮಾಲು ಬೀಳಿಸಿದವರು ಇವರೇ ಇರಬೇಕೆಂದು ಸಾಹುಕಾರರ ಅಂದಾಜು.

ಮರುದಿನ ಬೆಳಿಗ್ಗೆ ಫ್ಯಾಕ್ಟರಿಯ ಕೂಗು ಆಗುವ ಹೊತ್ತಿಗೆ ಸರಿಯಾಗಿ ಆ ಐವರು ಬಕ್ಕೇಶಪ್ಪನ ಮನೆಯ ಕಟ್ಟೆಯ ಮುಂದೆ ನಿಂತಿದ್ದರು. ಮುಂದೆ ಮೈಲಮ್ಮ. ಆರು ವರ್ಷ ಹಿಂದೆ ಅದೇ ಯಂತ್ರ ಅವಳ ಬಲಗೈಯ ಕಿರುಬೆರಳನ್ನೂ ಉಂಗುರ ಬೆರಳನ್ನೂ ತಿಂದಿತ್ತು. ಅವನ್ನು ಯಾರೂ ತಟ್ಟೆಯಲ್ಲಿ ಇಟ್ಟಿರಲಿಲ್ಲ.

"ಏನವ್ವ, ಇಷ್ಟೊತ್ತಿಗೇ?" ಎಂದ ಬಕ್ಕೇಶಪ್ಪ.

"ಕೆಲಸಕ್ಕೆ ಬಂದೀವಿ ದಲಾಲ್ರೇ."

"ಇದು ಮನಿ ಕಣವ್ವ."

"ಮಾತು ಕೊಟ್ಟೋರು ನೀವು. ಗೇಟು ಎಲ್ಲಿ ತೆರಿತೈತೋ ಅಲ್ಲೇ ನಮ್ ಕೆಲಸ. ನಿಮ್ದು ತೆರ್ದೈತೆ" ಎನ್ನುತ್ತ ಮೈಲಮ್ಮ ಒಳಗೆ ನಡೆದಳು. ಹಿಂದೆ ನಾಗಕ್ಕ, ಶಹಜಾದಿ, ಉಳಿದಿಬ್ಬರು.

ಮನೆಯಲ್ಲಿ ಹತ್ತಿ ಎಂದು ಇದ್ದದ್ದು ಗಾದಿಗಳಲ್ಲಿ. ಹೆಂಗಸರು ಗಾದಿಯ ಹೊಲಿಗೆ ಬಿಚ್ಚಿ, ಅರಳೆ ಹೊರಗೆಳೆದು, ಹಿಂಜಿ, ಬಿಸಿಲಿಗೆ ಹರವಿ, ಸಂಜೆಯ ಕೂಗಿಗೆ ಮತ್ತೆ ತುಂಬಿ ಹೊಲಿದು ಹೋದರು. ಮರುದಿನ ತಲೆದಿಂಬು. ಅದರ ಮರುದಿನ, ಬಿಚ್ಚಲು ಬೇರೇನೂ ಇಲ್ಲದ್ದರಿಂದ, ಮತ್ತೆ ಅದೇ ಗಾದಿಗಳು. ಮಧ್ಯಾಹ್ನದ ಕೂಗಿಗೆ ಊಟಕ್ಕೆ ಏಳುವರು, ಕಸ್ತೂರಮ್ಮನ ಕೈಯಲ್ಲಿ ಉಪ್ಪಿನಕಾಯಿ ಕೇಳುವರು.

"ಅಲ್ರೀ, ನಾನು ಎಲ್ಲಿ ಅಡ್ಡಾಗಬೇಕ್ರೀ?" ಎಂದು ಕಸ್ತೂರಮ್ಮ ಗಂಡನನ್ನು ಕೇಳಿದಳು. "ಮಧ್ಯಾಹ್ನ ಒಂದೀಟು ಬೆನ್ನು ಚಾಚಿದ್ರೆ ಕೆಳಗಿನಿಂದ ಗಾದಿ ಎಳಕೊಂಡು ಹೋಗ್ತಾರೆ. ಏಳಕ್ಕ, ಪಾಳಿ ಬಂತು ಅಂತಾರೆ!"

ಓಣಿಯವರಿಗೆ ಸುದ್ದಿ ತಿಳಿದು ತಮ್ಮ ತಮ್ಮ ಗಾದಿ ಹೊತ್ತು ತಂದರು. ಪುಕ್ಕಟೆ ಕೆಲಸಕ್ಕೆ ದಾವಣಗೆರೆಯಲ್ಲಿ ಎಂದೂ ಗಿರಾಕಿಗಳ ಬರವಿಲ್ಲ. ಅಂಗಳದಲ್ಲಿ ಅರಳೆ ಹಾರಿತು, ಸಾರಿನಲ್ಲಿ ಅರಳೆ, ವಿಭೂತಿ ಗಟ್ಟಿಯ ಮೇಲೆ ಅರಳೆ. ಓಣಿಯ ಗಾದಿಗಳೂ ಮುಗಿದ ದಿನ ಐವರೂ ದಿಂಬಿನ ಕೆಂಪು ಚೀಲವನ್ನು ಕೋಲಿಗೆ ಕಟ್ಟಿ ಕಟ್ಟೆಯ ಮುಂದೆ ಕೂತರು.

"ಇದೇನವ್ವ ಇದು?" ಎಂದ ಬಕ್ಕೇಶಪ್ಪ.

"ಮುಷ್ಕರ" ಎಂದಳು ನಾಗಕ್ಕ. "ಕೆಲಸಕ್ಕೆ ಕರ್ದು ಕೆಲಸ ಕೊಡದಿದ್ರೆ ಏನ್ ಮಾಡ್ಬೇಕ್ರೀ?"

"ನಾನೆಲ್ಲಿ ಕರ್ದೆ ತಾಯಿ!"

"ಸಾಹುಕಾರ್ರೂ ಹಂಗೇ ಅಂದ್ರು" ಎಂದು ಶಹಜಾದಿ ಉಳಿದವರ ಕಡೆ ತಿರುಗಿ, "ಇವ್ರೂ ಕಲ್ತರು ನೋಡ್ರೇ" ಎಂದಳು.

ಬಕ್ಕೇಶಪ್ಪನಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ರಾಜಿಯ ದಿನ ಬಾಯಿಗೆ ಬಂದ ಒಂದು ಮಾತು ಮನೆ ಬಾಗಿಲಲ್ಲಿ ಬುತ್ತಿ ಕಟ್ಟಿಕೊಂಡು ಕೂತಿತ್ತು. ಆ ಐವರು ಒಳಗೆ ಹೋದರೆ ಅದು ಮಾತು, ಹೋಗದಿದ್ದರೆ ಅರಳೆ.

ಅವನ ಪುಣ್ಯಕ್ಕೆ ಊರಿನಲ್ಲಿ ಒಂದು ಗುಲ್ಲೆದ್ದಿತ್ತು: ಬಕ್ಕೇಶಪ್ಪ ಹೊಸ ಜಿನ್ನಿಂಗ್ ತೆಗೆದಿದ್ದಾನೆ, ಐದು ಹೆಂಗಸರನ್ನು ಇಟ್ಟಿದ್ದಾನೆ, ಒಳ್ಳೇ ಅರಳೆ ಬರುತ್ತದೆ. ಯಂತ್ರವಿಲ್ಲದ ಜಿನ್ನಿಂಗ್ ಎಂದರೆ ಖರ್ಚೇ ಇಲ್ಲ. ಈ ವಿಚಾರ ಬಂದದ್ದೇ ವಾಮದೇವಪ್ಪ ಸಾಹುಕಾರರ ನಿದ್ದೆ ಹಾರಿತು. ಬಕ್ಕೇಶಪ್ಪನನ್ನು ಕರೆಸಿದರು. ತಟ್ಟೆ ತೋರಿಸಿದರು.

"ಆ ಐದು ಜನದ ಕೂಡೆ ಬಾಯಿ ಬಿಡಲ್ಲ ಅಂತ ಈ ರುಮಾಲಿನ ಮ್ಯಾಲೆ ಆಣೆ ಮಾಡೀನಿ, ಬಕ್ಕೇಶಪ್ಪ."

"ಒಳಗೆ ಕರ್ಯೋ ತನಕ ನಿಮ್ ಕೂಡೆ ಮಾತಾಡಲ್ಲ ಅಂತ ಮೈಲಮ್ಮನೂ ಆಣೆ ಮಾಡ್ಯಾಳೆ ಸಾಹುಕಾರ್ರೇ."

"ಮತ್ತೆ ರಾಜಿ ಹೆಂಗೆ?"

ಬಕ್ಕೇಶಪ್ಪ ಹೆಗಲಿನ ವಲ್ಲಿಯನ್ನು ಒಮ್ಮೆ ಕೊಡವಿದ. ಅದರಿಂದಲೂ ಅರಳೆ ಹಾರಿತು. "ಮಾತು ಯಾಕ ಬೇಕ್ರಿ? ಇದು ಐತಲ್ಲ."

ಜಾಗದ ಪ್ರಶ್ನೆ ಬಂತು. ಸಾಹುಕಾರರು ದಲಾಲಿಯ ಮನೆಗೆ ಬರರು, ಹೆಂಗಸರು ಕೆಲಸಕ್ಕಲ್ಲದೆ ಫ್ಯಾಕ್ಟರಿಗೆ ಕಾಲಿಡರು. ಸೋಮವಾರ ಸಾಹುಕಾರರು ಹೇಗೂ ಹರಿಹರದ ದೇವರಿಗೆ ಹೋಗುವವರು. ಅಲ್ಲೇ ಹೊಳೆಯ ದಂಡೆಯ ಮೇಲೆ ಎಂದಾಯಿತು. ಹರಿ ಹರ ಇಬ್ಬರೂ ಒಂದೇ ಕಲ್ಲಿನಲ್ಲಿ ಅರ್ಧರ್ಧಕ್ಕೆ ರಾಜಿಯಾಗಿ ನಿಂತ ಊರು. ಅಲ್ಲಿ ಅರ್ಧ ಕೂಲಿಯಿಂದ ಹುಟ್ಟಿದ ಜಗಳ ಹರಿಯದಿದ್ದರೆ ಇನ್ನೆಲ್ಲಿಯೂ ಹರಿಯುವುದಿಲ್ಲ ಎಂದು ಬಕ್ಕೇಶಪ್ಪನ ಲೆಕ್ಕ.

ರೈಲಿನಲ್ಲಿ ಸಾಹುಕಾರರು ಮೊದಲ ದರ್ಜೆಯಲ್ಲಿ, ತಟ್ಟೆ ತೊಡೆಯ ಮೇಲೆ. ಹೆಂಗಸರು ಮೂರನೆಯ ದರ್ಜೆಯಲ್ಲಿ ಮಂಡಕ್ಕಿ ತಿನ್ನುತ್ತ. ಕಸ್ತೂರಮ್ಮನೂ ಹೊರಟಿದ್ದಳು. ಗಂಡ ಪರಹೆಂಗಸಿನ ಕೈ ಹಿಡಿಯುವ ವ್ಯಾಪಾರ ನಡೆಯುವಾಗ ಮನೆಯಲ್ಲಿ ಕೂರುವಷ್ಟು ಗಾದಿಯೂ ಉಳಿದಿರಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಬಕ್ಕೇಶಪ್ಪ ನಡುವೆ ಕೂತ. ಬಲಕ್ಕೆ ಸಾಹುಕಾರರು, ಎಡಕ್ಕೆ ಮೈಲಮ್ಮ, ಎದುರಿಗೆ ಕಸ್ತೂರಮ್ಮ. ಎಷ್ಟು ಜನರನ್ನು ಒಳಗೆ ತಗೊಳ್ಳುವುದು ಎಂಬುದೇ ಅಂಕಿ. ಸಾಹುಕಾರರು ವಲ್ಲಿಯೊಳಗೆ ಬಕ್ಕೇಶಪ್ಪನ ಒಂದು ಬೆರಳು ಹಿಡಿದರು. ಬಕ್ಕೇಶಪ್ಪ ವಲ್ಲಿಯನ್ನು ಈ ಕಡೆ ಸರಿಸಿ ಮೈಲಮ್ಮನ ಒಂದು ಬೆರಳು ಹಿಡಿದ. ಅವಳು ತಲೆಯಲ್ಲಾಡಿಸಿ, ತನ್ನ ಮೂರು ಬೆರಳುಗಳಿಂದ ಅವನ ಇಡೀ ಕೈ ಅಮುಕಿದಳು: ಐದು. ವಲ್ಲಿ ಆ ಕಡೆ ಹೋಯಿತು, ಈ ಕಡೆ ಬಂತು. ಒಂದು ಎರಡಾಯಿತು. ಎರಡರ ಮೇಲೆ ಬಿಸಿಲು ಏರಿತು. ಸಾಹುಕಾರರಿಗೆ ರುಮಾಲಿಲ್ಲದ ತಲೆ ಕಾಯತೊಡಗಿತು. ಹೊಸದನ್ನು ಸುತ್ತಿಕೊಂಡರೆ ಹಳೆಯದರ ಅವಮಾನ ಹೋಗಿಬಿಡುತ್ತದೆಂದು ಅವರು ಬರಿದಲೆಯಲ್ಲೇ ಓಡಾಡುತ್ತಿದ್ದರು. ಹೊಟ್ಟೆಯೂ ಹಸಿಯಿತು. ಕಡೆಗೆ ಬೇಸತ್ತು ಬಕ್ಕೇಶಪ್ಪನ ಕೈಯನ್ನು ಇಡಿಯಾಗಿ ಹಿಡಿದು ಒಮ್ಮೆ ಜಗ್ಗಿಬಿಟ್ಟರು. ಐದು! ಜಗ್ಗಿದರೆ ವ್ಯಾಪಾರ ಮುಗಿದಂತೆ.

ಬಕ್ಕೇಶಪ್ಪನಿಗೆ ಹೊಳೆಯ ನೀರೆಲ್ಲ ಎದೆಗೆ ಬಂದಷ್ಟು ತಂಪಾಯಿತು. ವಲ್ಲಿಯನ್ನು ಈ ಕಡೆ ತಂದು ಮೈಲಮ್ಮನ ಕೈಯನ್ನು ಇಡಿಯಾಗಿ ಹಿಡಿದ. ಹಿಡಿದ ಮೇಲೆ ತಿಳಿಯಿತು. ಕೈಗೆ ಸಿಕ್ಕದ್ದು ಮೂರೇ.

ಬಿಟ್ಟು ಮತ್ತೆ ಹಿಡಿದ. ಮತ್ತೆ ಮೂರೇ. ಎಡಗೈಯಲ್ಲಿ ಐದೂ ಇದ್ದವು ನಿಜ, ಆದರೆ ಎಡಗೈಯಲ್ಲಿ ಮಾಡಿದ ವ್ಯಾಪಾರ ಹೆಣದ ವ್ಯಾಪಾರ. ಮೂರು ಹಿಡಿದು, ಬಿಟ್ಟು, ಎರಡು ಹಿಡಿದರೆ ಪೇಟೆಯ ಭಾಷೆಯಲ್ಲಿ ಮೂರು ರೂಪಾಯಿ ಎರಡಾಣೆ. ಮೂರು ಹೆಂಗಸರು ಮತ್ತು ಎರಡಾಣೆ ಹೆಂಗಸನ್ನು ಒಳಗೆ ಕಳಿಸುವುದು ಹೇಗೆ? ಮೂರನೆಯ ಸಲ ಹಿಡಿದ.

"ಎಷ್ಟು ಸಲ ಹಿಚುಕ್ತೀರಿ?" ಎಂದಳು ಕಸ್ತೂರಮ್ಮ. "ಅದೇನು ನಿಂಬೆಹಣ್ಣೇ?"

ಮೈಲಮ್ಮ ಕೈ ಕಿತ್ತುಕೊಂಡಳು. ಅವಳು ದಲಾಲಿಯಲ್ಲ, ಅವಳಿಗೆ ಪೇಟೆಯ ನೇಮ ಎಲ್ಲಿಯದು? "ಮೂರೇ ಮಂದೀನಾ ದಲಾಲ್ರೇ? ಉಳಿದಿಬ್ಬರ್ನ ಹೊಳಿಗೆ ಹಾಕ್ಲಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟಳು.

ಸಾಹುಕಾರರ ಕಿವಿ ನೆಟ್ಟಗಾಯಿತು. ತಾವು ಕೊಟ್ಟದ್ದು ಐದು, ಅವಳಿಗೆ ತಲುಪಿದ್ದು ಮೂರು. ನಡುವೆ ಎರಡು ಉಳಿತಾಯ! ವ್ಯಾಪಾರಿಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಂಥ ಹೊತ್ತಿನಲ್ಲಿ ಹಸಿವು ನಿಲ್ಲುತ್ತದೆ. ಅವರು ಬಕ್ಕೇಶಪ್ಪನ ಕಡೆ ನೋಡಿ, "ಆ ಕೈಯಾಗೆ ಎಷ್ಟು ಮುಟ್ಟೈತೋ ಅಷ್ಟೇ ಮಾತು. ವಲ್ಲಿಯೊಳಗಿನ ಲೆಕ್ಕ ಬಾಯಿಗೆ ತರೋ ಹಂಗಿಲ್ಲ, ನಿನಗೆ ಗೊತ್ತೈತಲ್ಲ" ಎಂದರು. ಮುಖದಲ್ಲಿ ಬೆಣ್ಣೆ ಕಂಡ ಬೆಕ್ಕಿನ ನಗು.

ಬಕ್ಕೇಶಪ್ಪನಿಗೆ ಗೊತ್ತಿತ್ತು. ಐದು ಎಂದು ಬಾಯಿಬಿಟ್ಟರೆ ಅವನ ವಲ್ಲಿ ನಾಳೆಯಿಂದ ಮೈ ಒರೆಸುವ ಬಟ್ಟೆ. ಬಾಯಿ ಮುಚ್ಚಿದರೆ ಇಬ್ಬರು ಹೊರಗೆ, ಹುಣಸೇಮರದ ಕೆಳಗೆ ಕೊಟ್ಟ ಮಾತು ಹೊಳೆಯ ಪಾಲು. ಅವನು ಯಾವ ದಲಾಲಿಯೂ ಮಾಡದ ಕೆಲಸ ಮಾಡಿದ. ವಲ್ಲಿಯನ್ನು ತೆಗೆದು ಹೆಗಲಿಗೆ ಹಾಕಿಕೊಂಡ. ಹಾಡಹಗಲಲ್ಲಿ, ಕಟ್ಟಿಕೊಂಡ ಹೆಂಡತಿಯ ಎದುರು, ಮೈಲಮ್ಮನ ಬಲಗೈಯನ್ನು ಎತ್ತಿ ಹಿಡಿದ. ಇದ್ದ ಮೂರು ಬೆರಳನ್ನು ಹಿಡಿದು, ಇಲ್ಲದ ಎರಡರ ಜಾಗದಲ್ಲಿ ಬರೀ ಗಾಳಿಯ ಸುತ್ತ ತನ್ನ ಬೆರಳು ಮಡಚಿ, ಅವು ಇದ್ದರೆ ಹೇಗೆ ಹಿಡಿಯುತ್ತಿದ್ದನೋ ಹಾಗೆ ಗಟ್ಟಿಯಾಗಿ ಹಿಡಿದ.

ಮೈಲಮ್ಮ ಆ ಖಾಲಿ ಜಾಗವನ್ನೇ ನೋಡಿದಳು. ಆರು ವರ್ಷದಲ್ಲಿ ಯಾರೂ ಅಲ್ಲಿ ಏನಾದರೂ ಇತ್ತೆಂದು ಕೈ ಚಾಚಿರಲಿಲ್ಲ.

"ಏಯ್, ಇಲ್ಲದ ಬೆರಳು ಹಿಡಿಯೋದು ಯಾವ ಊರ ಪದ್ಧತಿ?" ಎಂದರು ಸಾಹುಕಾರರು. "ಹೋದದ್ದು ಹೋಯ್ತು. ಇದ್ದದ್ದಷ್ಟೇ ಲೆಕ್ಕ."

"ಸರಿ ಸಾಹುಕಾರ್ರೇ, ಇದ್ದದ್ದಷ್ಟೇ ಲೆಕ್ಕ" ಎಂದ ಬಕ್ಕೇಶಪ್ಪ ಸಮಾಧಾನವಾಗಿ. "ಹಂಗಾದ್ರೆ ತಟ್ಟೆಯೊಳಗೆ ರುಮಾಲು ಇಲ್ಲ. ರುಮಾಲೇ ಇಲ್ಲಂದ್ರೆ ಬೀಳಿಸಿದೋರೂ ಇಲ್ಲ. ಇವರು ಹೊರಗೆ ನಿಂತದ್ದು ಯಾಕ?"

"ಐತಲ್ಲೋ! ಯಂತ್ರ ತಿಂದ್ರೇನಾತು, ನನ್ನ ರುಮಾಲು ರುಮಾಲೇ!"

"ಹೌದ್ರಿ. ಅದೇ ಯಂತ್ರ ತಿಂದ್ರೇನಾತು, ಆಕಿ ಬೆರಳು ಬೆರಳೇ. ರುಮಾಲು ಲೆಕ್ಕಕ್ಕೆ ಹಿಡಿದ್ರೆ ಬೆರಳೂ ಹಿಡೀರಿ. ಬೆರಳು ಬಿಟ್ರೆ ರುಮಾಲೂ ಬಿಡ್ರಿ. ಯಾವ ಕಡಿಂದ ಬಂದ್ರೂ ಗೇಟು ಒಂದೇ. ಅಂಕಿ ಮಾತ್ರ ನಾನು ಹೇಳಲ್ಲ, ನನ್ನ ವೃತ್ತಿ."

ಸಾಹುಕಾರರು ತಟ್ಟೆ ನೋಡಿದರು, ಕೈ ನೋಡಿದರು. ಒಂದು ಕಡೆಯಿಂದ ಲೆಕ್ಕ ಹಾಕಿದರು, ಇನ್ನೊಂದು ಕಡೆಯಿಂದ ಹಾಕಿದರು. ಎರಡೂ ಕಡೆ ಐದೇ ಬಂತು. ಕಸ್ತೂರಮ್ಮ ಬುತ್ತಿ ಬಿಚ್ಚಿ, "ಉಂಡು ಲೆಕ್ಕ ಹಾಕ್ರಿ ಸಾಹುಕಾರ್ರೇ. ಗಂಡಸ್ರು ಪೂರಾ ಉಣ್ತಾರಂತಲ್ಲ" ಎಂದು ರೊಟ್ಟಿಯನ್ನು ಮುಂದಿಟ್ಟಳು. ಸಾಹುಕಾರರು ಉಂಡರು. ಉಂಡ ಮೇಲೆ ಏಳುತ್ತ, ಯಾರ ಕಡೆಗೂ ನೋಡದೆ, "ನಾಳೆ ಕೂಗಿಗೆ ತಡ ಆಗಬಾರದು" ಎಂದು ಹೊಳೆಗೆ ಹೇಳಿದರು.

ಮರುದಿನ ಐವರೂ ಒಳಗೆ ಹೋದರು. ಬಕ್ಕೇಶಪ್ಪ ಮಾಡಿದ್ದು ಸರಿಯೋ ತಪ್ಪೋ ಎಂದು ಪೇಟೆಯಲ್ಲಿ ಬಹಳ ದಿನ ವಾದವಾಯಿತು. ತೋರಿಸಿದ, ಆದರೆ ಹೇಳಲಿಲ್ಲ ಎಂದು ಕಡೆಗೆ ಅವನ ವಲ್ಲಿಯನ್ನು ಉಳಿಸಿಕೊಟ್ಟರು. ಕೂಲಿ ಸಮವಾಯಿತೇ ಎಂದು ಕೇಳುವವರಿಗೆ ಹೇಳುವುದಿಷ್ಟೇ, ಅದಕ್ಕೆ ಇನ್ನೂ ದೊಡ್ಡ ವಲ್ಲಿ ಬೇಕಿತ್ತು.

ಸಾಹುಕಾರರು ಹೊಸ ರುಮಾಲು ಸುತ್ತಿದರು. ಸುತ್ತಿದ ಮೇಲೆ ಯಂತ್ರದ ಹತ್ತಿರ ಹೋಗಲು ಭಯವಾಯಿತು. ಬಡಗಿಯನ್ನೂ ಕಮ್ಮಾರನನ್ನೂ ಕರೆಸಿ, ಮುಂದೆಂದೂ ಯಾವ ಮರ್ಯಾದಸ್ಥರ ರುಮಾಲೂ ಒಳಗೆ ಹೋಗದ ಹಾಗೆ ಎಲ್ಲ ಯಂತ್ರಗಳ ಬಾಯಿಗೂ ಕಬ್ಬಿಣದ ಜಾಲರಿ ಹಾಕಿಸಿದರು. ಹತ್ತಿಯ ಹಿಡಿಯಷ್ಟೇ ಒಳಗೆ ಹೋಗುತ್ತಿತ್ತು, ಹಿಡಿದ ಬೆರಳು ಹೊರಗೇ ಉಳಿಯುತ್ತಿತ್ತು. ಹೆಂಗಸರು ಅದನ್ನು ರುಮಾಲು ಜಾಲರಿ ಎಂದು ಕರೆದರು. ಮೈಲಮ್ಮ ದಿನವೂ ಕೆಲಸ ಶುರುಮಾಡುವ ಮುನ್ನ ಅದನ್ನು ಮೂರು ಬೆರಳಿನಿಂದ ಒಮ್ಮೆ ಜಗ್ಗಿ ನೋಡುತ್ತಿದ್ದಳು, ವ್ಯಾಪಾರ ಮುಗಿಸಿದವರ ಹಾಗೆ.