ಉಜ್ಜನಪ್ಪ ಭಾವ ಕಾರಿಗೆ ಬಿರಡೆ ಹಾಕಿದ್ದು

ನಮ್ಮ ಉಜ್ಜನಪ್ಪ ಭಾವ ಬಾಯಿ ಬಿಟ್ಟರೆ ಕಾರಿನ ಮಾತು. ಮಂಡಿಪೇಟೆಯಲ್ಲಿ ಅವರದು ಮೆಕ್ಕೆಜೋಳದ ವ್ಯಾಪಾರ. ದೇವರಾಜ ಅರಸು ಬಡಾವಣೆಯ ಮನೆಯಿಂದ ಅಂಗಡಿಗೆ ಇವತ್ತಿಗೂ ಅದೇ ಹಳೇ ಅಂಬಾಸಿಡರಿನಲ್ಲಿ ಹೋಗುತ್ತಾರೆ. ಸೈಕಲ್ಲಿನವರು ಮುಂದೆ ಹೋಗುತ್ತಾರೆ, ಆ ಮಾತು ಬೇರೆ.

ಕಾರಿಗೆ ಶತ್ರು ಎಂದರೆ ನಮ್ಮಕ್ಕ ಸರ್ವಮಂಗಳಮ್ಮ. ತಪ್ಪು ಅಕ್ಕನದಲ್ಲ ಬಿಡಿ. ಬೆಳಗಾಗೆದ್ದು ಅಂಗಳ ತೊಳೆದು ರಂಗೋಲಿ ಹಾಕಿದರೆ, ಅದರ ನಡುವೆ ಕಾರು ಕಪ್ಪು ಆಯಿಲ್ ತೊಟ್ಟಿಕ್ಕುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಭಾವನಿಗೆ ಅದು ಕಾಣುತ್ತಲೇ ಇರಲಿಲ್ಲ. ಅಕ್ಕ ಒಂದು ದಿನ ಪೊರಕೆ ಹಿಡಿದೇ ಹೇಳಿದಳು.

"ದೀಪಾವಳಿ ದಿನ ನನ್ ರಂಗೋಲಿ ಮ್ಯಾಲೆ ಒಂದು ಹನಿ ಬೀಳ್ಲಿ, ಈ ಡಬ್ಬ ಬಕ್ಕೇಶನ ಪಾಲು. ನೀವು ಹೂಂ ಅನ್ರಿ."

ಬಕ್ಕೇಶ ಹರಿಹರದಲ್ಲಿ ಹಳೇ ಗಾಡಿ ಕೊಳ್ಳುವವನು. ಈ ಕಾರಿನ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು. ಭಾವ "ಹೂಂ" ಅಂದರು. ಅಕ್ಕನ ಮುಂದೆ ಹೂಂ ಅಂದಮೇಲೆ ಮುಗಿಯಿತು, ಹಿಂದೆ ಸರಿಯುವ ಹಾಗಿಲ್ಲ.

ದೀಪಾವಳಿ ಬಂತು. ಅಂಗಳದಲ್ಲಿ ಒಂದು ಹನಿಯೂ ಇಲ್ಲ! ಭಾವ ಎದೆಯುಬ್ಬಿಸಿ ಓಡಾಡಿದ್ದೇ ಓಡಾಡಿದ್ದು. "ಎಂಜಿನ್ ಬಿಚ್ಚಿಸಿದ್ರಾ ಭಾವ?" ಎಂದರೆ, "ನಿಂಗ್ಯಾಕಲೇ ಅದೆಲ್ಲ? ಹೋಳಿಗೆ ತಿನ್ನು" ಎಂದರು. ಅಕ್ಕನಿಗೂ ಖುಷಿಯೋ ಖುಷಿ. ಮರುದಿನ ಹರಿಹರದ ತಂಗಿಯ ಮನೆ ಊಟಕ್ಕೆ ಅದೇ ಕಾರಿನಲ್ಲಿ ಹೋಗೋಣವೆಂದು ತಾನಾಗಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ.

ಭಾವನಿಗೆ ಹುರುಪು ಹೆಚ್ಚಾಗಿ ಕಾರನ್ನು ಜೋರಾಗಿಯೇ ಬಿಟ್ಟರು. ಅರ್ಧ ದಾರಿ ದಾಟುವಷ್ಟರಲ್ಲಿ ಸುಟ್ಟ ವಾಸನೆ. ಆಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹೇಗೋ ತೆವಳಿಕೊಂಡು ಹರಿಹರದ ಅಂಚಿನ ನುಜತ್ ಅವರ ಗ್ಯಾರೇಜಿಗೆ ಮುಟ್ಟಿದೆವು. ತಮ್ಮ ಅಪ್ಪನ ಗ್ಯಾರೇಜನ್ನು ಈಗ ನಡೆಸುತ್ತಿರುವ ಗಟ್ಟಿ ಹೆಂಗಸು ಆಕೆ.

ಬಾನೆಟ್ ಎತ್ತಿದರೆ ಅಯ್ಯಯ್ಯೋ, ಎಂಜಿನ್ನಿಗೆ ಎಣ್ಣೆಸ್ನಾನವಾಗಿತ್ತು! ಆಯಿಲ್ ನೋಡುವ ಕಡ್ಡಿ ತನ್ನ ತೂತಿನಿಂದ ಹಾರಿ ಪಕ್ಕದಲ್ಲಿ ಬಿದ್ದಿತ್ತು. ಎಂಜಿನ್ ತಣ್ಣಗಾದ ಮೇಲೆ ನುಜತ್ ಕಾರಿನಡಿ ತೂರಿ, ಒಂದು ಪೈಪಿನ ಬಾಯಿಂದ ಏನನ್ನೋ ಕಿತ್ತು ತಂದರು. ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ!

"ಯಾರ್ರೀ ಇದನ್ನ ಜಡಿದೋರು?" ಎಂದು ನಕ್ಕರು. "ಪಿಸ್ಟನ್ ಪಕ್ಕದಿಂದ ಒಂದಿಷ್ಟು ಗ್ಯಾಸು ಕೆಳಗೆ ಆಯಿಲ್ ಇರೋ ಕಡೆ ನುಗ್ತೈತೆ. ಅದು ಹೊರಗೆ ಹೋಗೋ ದಾರಿನೇ ಈ ಪೈಪು. ಹೋಗ್ತಾ ಎರಡು ಹನಿ ಆಯಿಲ್ ಎಳ್ಕೊಂಡೇ ಹೋಗ್ತೈತೆ. ದಾರಿ ಮುಚ್ಚಿದ್ರೆ ಸುಮ್ನಿರ್ತೈತಾ? ಸಿಕ್ಕ ಸಂದೀಲೆಲ್ಲ ಆಯಿಲ್ ಕಕ್ತೈತೆ. ಎಂಜಿನ್‌ಗೇನೂ ಆಗಿಲ್ಲ, ಆದ್ರೆ ಹನಿ ಬೀಳೋದು ಪೂರಾ ನಿಲ್ಲಲ್ಲ ನೋಡ್ರಿ."

ಎಲ್ಲರೂ ಭಾವನ ಕಡೆ ನೋಡಿದೆವು. ಮುಖ ಬಾಡಿಹೋಗಿತ್ತು. ಪಾಪ ಅನ್ನಿಸಿತು.

"ಹಬ್ಬದ ದಿನ ನಸುಕಿಗೇ ನಾನೇ ಜಡಿದೆ. ಮಂಡಿ ನೋವು ಕಣೇ, ಕೆಳಗೆ ತೂರಿದೋನಿಗೆ ಏಳಾಕೇ ಆಗ್ಲಿಲ್ಲ. ನೀ ಏಳೋದ್ರೊಳಗೆ ಹೆಂಗೋ ಎದ್ದೆ. ಮಾತು ಮಾತೇ. ಬಕ್ಕೇಶನ್ನ ಇಲ್ಲಿಗೇ ಕರೀತೀನಿ," ಎಂದು ಫೋನ್ ತೆಗೆದರು.

ಅಕ್ಕ ಅವರನ್ನೇ ನೋಡಿದಳು. ಈಗ ಬೈಗುಳ ಬೀಳುತ್ತದೆಂದು ನಾನು ಕಾದಿದ್ದೆ.

"ಕುಡಿದ ಲೋಟ ಎತ್ತಿಡದ ಮನುಷ್ಯ, ನನ್ ರಂಗೋಲಿಗೋಸ್ಕರ ನೆಲದ ಮ್ಯಾಲೆ ಮಲಗಿದ್ರಾ?" ಎಂದಳು. ಭಾವನ ಕೈಯಿಂದ ಫೋನ್ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡಳು. "ಬಕ್ಕೇಶನೂ ಬ್ಯಾಡ, ಯಾರೂ ಬ್ಯಾಡ. ಹನಿ ಬಿದ್ರೆ ಬೀಳ್ಲಿ. ಒರೆಸೋರು ಮಾತ್ರ ನೀವೇ!"

ಭಾವ ಈಗ ದಿನಾ ಬೆಳಗ್ಗೆ ಸಣ್ಣ ಮಣೆ ಹಾಕಿಕೊಂಡು ಅಂಗಳ ಒರೆಸುತ್ತಾರೆ. ಅಕ್ಕ ಪಕ್ಕದಲ್ಲೇ ನಿಂತು, ಅಲ್ಲೊಂದು ಹನಿ ಉಳೀತು ನೋಡ್ರಿ ಎಂದು ತೋರಿಸುತ್ತಾಳೆ.