ಕರಿಸಿದ್ದಯ್ಯನ ಸೈಕಲ್ ಗಂಟೆ

ಬೆಳಕವಾಡಿಯ ಕರಿಸಿದ್ದಯ್ಯನಿಗೆ ಯಾರಾದರೂ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಯುದ್ಧದ ಕಾಲದಲ್ಲಿ ಒಂದು ದಿನ ಗಸ್ತಿನ ಪೊಲೀಸಪ್ಪ ಅಂಥವನನ್ನು ಮಳವಳ್ಳಿ ರಸ್ತೆಯಲ್ಲಿ ತಡೆದು, ಸೈಕಲ್ಲಿಗೆ ಗಂಟೆ ಇರಲೇಬೇಕು, ಅದು ಕಾನೂನು, ನಾಳೆ ಠಾಣೆಗೆ ತಂದು ತೋರಿಸು ಎಂದು ಗದರಿಸಿದ.

"ತೋರುಸ್ತೀನಿ ಬುಡಿ ಸ್ವಾಮಿ" ಎಂದವನೇ ಕರಿಸಿದ್ದಯ್ಯ ಮನೆಗೆ ಹೋಗಿ, ಮುದಿ ಎತ್ತಿನ ಕೊರಳ ಗಂಟೆ ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದ.

ಮರುದಿನ ಬೆಳಗ್ಗೆ ಮಂಡ್ಯದ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು ರಸ್ತೆಯಲ್ಲಿದ್ದವು. ಗಾಡಿಯವರು ಕಬ್ಬಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ಎತ್ತುಗಳು ವಾಡಿಕೆಯಂತೆ ಮುಂದೆ ಕೇಳುವ ಗಂಟೆಯ ಸದ್ದು ಹಿಡಿದು ನಡೆಯುತ್ತಿದ್ದವು. ಕರಿಸಿದ್ದಯ್ಯ ಏರಿನಲ್ಲಿ ಹ್ಯಾಂಡಲ್ಲಿನ ಗಂಟೆ ಢಣಗುಟ್ಟಿಸುತ್ತ ಸೈಕಲ್ ತಳ್ಳಿಕೊಂಡು ಅವುಗಳನ್ನೆಲ್ಲ ದಾಟಿ, ಠಾಣೆಯ ಅಂಗಳಕ್ಕೆ ತಿರುಗಿದ. ಹಿಂದೆಯೇ ಒಂಬತ್ತು ಗಾಡಿಗಳೂ ತಿರುಗಿದವು.

ಮೊದಲ ಗಾಡಿಯವನು ಕಣ್ಣುಜ್ಜಿಕೊಳ್ಳುತ್ತ, "ಫ್ಯಾಕ್ಟ್ರಿ ಬಂತೇನಣ್ಣ?" ಎಂದು ಪೊಲೀಸಪ್ಪನನ್ನೇ ಕೇಳಿದ.

ಪೊಲೀಸಪ್ಪ ಹಣೆ ಚಚ್ಚಿಕೊಂಡು, "ಮೊದ್ಲು ಆ ಗಂಟೆ ಬಿಚ್ಚಾಕಯ್ಯ" ಎಂದ.

"ಬರ್ಕೊಡಿ ಸ್ವಾಮಿ" ಎಂದ ಕರಿಸಿದ್ದಯ್ಯ.

ಪೊಲೀಸಪ್ಪ ಬರೆದುಕೊಟ್ಟ. ಗಂಟೆಯಿಲ್ಲದೆ ಸೈಕಲ್ ಓಡಿಸಲು ಪೊಲೀಸರ ಚೀಟಿಯೇ ಇದ್ದವನು ಇಡೀ ತಾಲ್ಲೂಕಿಗೆ ಕರಿಸಿದ್ದಯ್ಯನೊಬ್ಬನೇ. ಸೈಕಲ್ ಮಾರಿದ ಮೇಲೂ ಆ ಚೀಟಿಯನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು, ಕೇಳದವರಿಗೂ ತೋರಿಸುತ್ತಿದ್ದ.