ಬೆಟ್ಟದ ಬಾಯಿ ಕಾಯುವ ಬಂಡೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಡೆಗೆ ಬೊಂಬು ಕಟ್ಟಿ ನಿಲ್ಲಿಸಿದ ಸಾರುವೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ ಮಹಿಳೆಯೊಬ್ಬರು ಹಸಿ ಸಿಮೆಂಟಿನ ಮೇಲೆ ಕರಣೆಯ ಮೂಲೆಯಿಂದ ಬಿರುಕು ಗೀರುತ್ತಿದ್ದಾರೆ. ಗೀರಿದ ಮೇಲೆ ಮುದ್ದೆ ಮಾಡಿದ ಪ್ಲಾಸ್ಟಿಕ್ ಹಾಳೆ ಒತ್ತಿ, ನೀರು ಚಿಮುಕಿಸುತ್ತಾರೆ. ನೋಡನೋಡುತ್ತಲೇ ಈಗಷ್ಟೇ ಮೆತ್ತಿದ ಗೋಡೆ ಯಾವುದೋ ಕಾಲದ ಬಂಡೆಯಾಗುತ್ತದೆ. ಕೆಲಸದವರೆಲ್ಲ ಇವರನ್ನು ಕರೆಯುವುದೇ ಬಂಡೆಯಕ್ಕ ಎಂದು.

ಕಲ್ಲುರಾಕ್ಷಸನ ಸಿನಿಮಾ ನೋಡದ ಮಕ್ಕಳಿಲ್ಲ. ಒಂದರ ಹಿಂದೊಂದು ಬಂದ ಆ ಸಿನಿಮಾಗಳ ಲೋಕವನ್ನೇ ಈ ಥೀಮ್ ಪಾರ್ಕಿನಲ್ಲಿ ಕಟ್ಟುತ್ತಿದ್ದಾರೆ: ರಾಕ್ಷಸನ ಬೆಟ್ಟ, ಗುಹೆ, ಗುಹೆಯೊಳಗೆ ಓಡುವ ಪುಟ್ಟ ರೈಲು. ಜನ ಟಿಕೆಟ್ ಕೊಂಡು ಹೆದರಲಿದ್ದಾರೆ. ಬಂಡೆಯಕ್ಕ ಈಗಲೇ ಪುಕ್ಕಟೆಯಾಗಿ ಹೆದರುತ್ತಿದ್ದಾರೆ. “ರಾಕ್ಷಸನ ಮುಖ ನೋಡಿದ್ರೆ ನಗು ಬರುತ್ತೆ. ನಂಗೆ ಹೆದ್ರಿಕೆ ಬೆಟ್ಟದ ಹೊಟ್ಟೆ ಕಂಡ್ರೆ,” ಎನ್ನುತ್ತಾರೆ.

ಮೊದಲು ಗಂಡ ಹೆಂಡತಿ ಇಬ್ಬರೂ ಮನೆಗಳ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಗೋಡೆ ನುಣುಪು ಮಾಡಿ ಪಳಗಿದ ಕೈಗೆ ಒರಟು ಮಾಡುವುದನ್ನು ಕಲಿಸುವಷ್ಟರಲ್ಲಿ ಸಾಕುಸಾಕಾಯಿತಂತೆ.

ಹೊರಗೆ ಬಂಡೆಯಂತೆ ಕಾಣುವ ಬೆಟ್ಟ ಒಳಗೆ ಪೊಳ್ಳು. ಕಬ್ಬಿಣದ ಕಂಬಿ, ಜಾಲರಿ, ಕತ್ತಲು ಬಿಟ್ಟರೆ ಬೇರೇನಿಲ್ಲ. ಜಾಲರಿಯನ್ನು ಕಂಬಿಗೆ ಬಿಗಿಯುವುದು ಗಂಡನ ಕೆಲಸ. ಆಳೊಬ್ಬ ನುಸುಳುವಷ್ಟು ಕಿಂಡಿಗೆ ಇಲ್ಲಿ ‘ಬಾಯಿ’ ಎನ್ನುತ್ತಾರೆ. ಒಳಗೆ ಹೋಗುವವರು ಊಟದ ಡಬ್ಬಿಯನ್ನು ಬಾಯಿಯ ಪಕ್ಕ ಇಟ್ಟು ಹೋಗಬೇಕು. ಡಬ್ಬಿ ಇದ್ದರೆ ಒಳಗೆ ಜನ ಇದ್ದಾರೆ, ಬಾಯಿ ಮುಚ್ಚುವಂತಿಲ್ಲ. ನಾನೂ ತಲೆ ಬಗ್ಗಿಸಿ ಒಳಹೊಕ್ಕೆ. ತುಸು ದೂರ ಹೋಗುವಷ್ಟರಲ್ಲಿ ಹಿಂದಿನ ಬೆಳಕು ಕಾಣದಾಯಿತು. ಎದ್ದೆನೋ ಬಿದ್ದೆನೋ ಎಂದು ಹೊರಗೆ ಬಂದೆ, ನಾಚಿಕೆಯೇನೂ ಆಗಲಿಲ್ಲ.

ಹೋದ ಬೇಸಿಗೆಯ ಮಾತನ್ನು ಬಂಡೆಯಕ್ಕ ತಡೆತಡೆದು ಹೇಳುತ್ತಾರೆ. “ಇವ್ರು ಒಳಗಿದ್ರು. ಬಿಸಿಲು ಡಬ್ಬಿ ಮೇಲೇ ಬೀಳ್ತಿತ್ತು. ಊಟ ಹಳಸುತ್ತಲ್ಲಾ ಅಂತ ತೆಗೆದು ಆಚೆ ನೆರಳಿಗಿಟ್ಟೆ. ನಾನೇ.” ಡಬ್ಬಿ ಕಾಣದ ಮೇಸ್ತ್ರಿ ಒಳಗಿನ ದೀಪದ ವೈರನ್ನು ಎಳೆದುಕೊಂಡು, ಬಾಯಿಗೆ ಜಾಲರಿ ಕಟ್ಟಿ, ಗಾರೆ ಮೆತ್ತಿದರು. ಅಂದು ಮೆತ್ತಿದ್ದ ಜಾಗಗಳನ್ನೆಲ್ಲ ಸಾಲಾಗಿ ಗೀರುತ್ತ ಬಂದ ಬಂಡೆಯಕ್ಕ, ತಿಳಿಯದೆ ಅದನ್ನೂ ಗೀರಿ ಮುಂದೆ ಹೋದರು.

ಊಟಕ್ಕೆ ಕರೆಯಲು ಬಂದರೆ ಬಾಯಿಯೇ ಇಲ್ಲ. “ಎಲ್ಲಿ ನೋಡಿದ್ರೂ ಬಂಡೆ. ನನ್ ಕೈಯಾರೆ ಮಾಡಿದ್ದು, ನಂಗೇ ಗುರುತು ಸಿಗ್ಲಿಲ್ಲ.” ಅವರ ಕಿರುಚಾಟಕ್ಕೆ ಗಾರೆ ಕಲಸುವ ಯಂತ್ರಗಳೆಲ್ಲ ನಿಂತವು. ಆಗ ಬೆಟ್ಟದೊಳಗಿಂದ ಸಣ್ಣಗೆ ಟಣ್ ಟಣ್ ಎಂದು ಕೇಳಿಸಿತು. ಮೇಲೆಲ್ಲೋ ಕಂಬಿ ತಬ್ಬಿಕೊಂಡು, ಆ ಕತ್ತಲಲ್ಲಿ ಕಾಲು ಎತ್ತಿಡಲೂ ಹೆದರಿ, ಗಂಡ ಇಕ್ಕಳದಿಂದ ಬಡಿಯುತ್ತಿದ್ದರು. ಸದ್ದು ಹಿಡಿದು ಹೋಗಿ ಒಡೆದು ತೆಗೆದರು.

“ನಾನು ಅದನ್ನ ಮರ್ತು ಎಷ್ಟೋ ದಿನ ಆಯ್ತು,” ಎನ್ನುತ್ತಾರೆ ಗಂಡ. “ಇವಳು ಮಾತ್ರ ಇನ್ನೂ ನಿದ್ದೇಲಿ ಗೋಡೆ ಪರಚ್ತಾಳೆ.”

ಈಗ ಬೆಟ್ಟಕ್ಕೆ ಉಳಿದಿರುವುದು ಒಂದೇ ಬಾಯಿ. ಸಿನಿಮಾ ಕಂಪನಿಯವರು ನಾಳೆ ನೋಡಲು ಬರುತ್ತಾರಂತೆ, ಇವತ್ತೇ ಮುಚ್ಚಬೇಕು. ಕೊನೆಯ ಬಿಗಿತಕ್ಕೆಂದು ಒಳಗೆ ಹೋದ ಗಂಡ ಇನ್ನೂ ಬಂದಿಲ್ಲ. ಬಂಡೆಯಕ್ಕನ ಕಣ್ಣು ಆ ಕಿಂಡಿಯಿಂದ ಕದಲುತ್ತಿಲ್ಲ.

“ಗಾರೆ ಗಟ್ಟಿಯಾಗ್ತಿದೆ ಕಣಮ್ಮಾ, ಇನ್ನೆಷ್ಟೊತ್ತು?” ಸೂಪರ್‌ವೈಸರ್ ಸಿಡುಕುತ್ತಾರೆ.

“ಗಟ್ಟಿಯಾದ್ರೆ ಚೆಲ್ಲಿ ಬೇರೆ ಕಲಸ್ಬೋದು ಸಾರ್. ಇವ್ರನ್ನ ಬೇರೆ ಕಲಸೋಕಾಗುತ್ತಾ?”

ಕೊನೆಗೂ ಗಂಡ ಕೆಮ್ಮುತ್ತ ಹೊರಬರುತ್ತಾರೆ. ಬಂಡೆಯಕ್ಕ ಅವರ ತೋಳು ಮುಟ್ಟಿ ನೋಡಿ, ಆಮೇಲೆ ಕರಣೆ ಎತ್ತಿಕೊಳ್ಳುತ್ತಾರೆ. ಮೆತ್ತಿ, ಒತ್ತಿ, ಗೀರಿ ಮುಗಿಸುವಷ್ಟರಲ್ಲಿ ಬಾಯಿ ಎಲ್ಲಿತ್ತೆಂದು ನನಗೂ ತಿಳಿಯದಾಗುತ್ತದೆ. ಕೆಲಸ ಮುಗಿಯಿತೆಂದು ಎಲ್ಲರೂ ಇಳಿಯುತ್ತಿರುವಾಗ ಅವರು ಕೈಯೆತ್ತಿ, ಯಂತ್ರಗಳನ್ನು ನಿಲ್ಲಿಸಲು ಹೇಳುತ್ತಾರೆ. ಒಂದೊಂದೇ ನಿಲ್ಲುತ್ತವೆ. ಬಂಡೆಯಕ್ಕ ಬೆಟ್ಟಕ್ಕೆ ಕಿವಿಗೊಟ್ಟು ನಿಂತಿದ್ದಾರೆ.

“ಲೇ, ನಾನು ಇಲ್ಲೇ ನಿಂತಿದೀನಲ್ಲೇ,” ಎನ್ನುತ್ತಾರೆ ಗಂಡ.

“ನೀವಿದೀರ, ಗೊತ್ತು ಕಣ್ರಿ,” ಬಂಡೆಯಕ್ಕ ಬೆಟ್ಟದಿಂದ ಕಣ್ಣು ತೆಗೆಯುವುದಿಲ್ಲ. “ಇನ್ಯಾರಾದ್ರೂ ಇದ್ರೆ?”